ಭಾರತದಲ್ಲಿ ವೈದ್ಯಕೀಯ ದರ ನಿಗದಿ ಮತ್ತು ವೆಚ್ಚ ಮರುಪಾವತಿ

ವೈದ್ಯಕೀಯ ದರ ನಿಗದಿ ಮತ್ತು ವೆಚ್ಚ ಮರುಪಾವತಿ ಎಂದರೆ ಚಿಕಿತ್ಸೆ, ಔಷಧ ಹಾಗೂ ವೈದ್ಯಕೀಯ ಸಾಧನಗಳಿಗೆ ಎಷ್ಟು ಹಣ ಸಲ್ಲಬೇಕು, ಅದರಲ್ಲಿ ಯಾವ ಪಾಲನ್ನು ರೋಗಿ ಕೊಡಬೇಕು ಮತ್ತು ಯಾವ ಪಾಲನ್ನು ಸರ್ಕಾರ, ಉದ್ಯೋಗದಾತ ಅಥವಾ ವಿಮಾ ಸಂಸ್ಥೆ ಭರಿಸಬೇಕು ಎಂಬುದನ್ನು ತೀರ್ಮಾನಿಸುವ ವ್ಯವಸ್ಥೆಯಾಗಿದೆ. ಭಾರತದಲ್ಲಿ ಇದಕ್ಕೆ ಒಂದೇ ಕಾನೂನಾಗಲಿ ಒಂದೇ ಪ್ರಾಧಿಕಾರವಾಗಲಿ ಇಲ್ಲ. ಔಷಧಗಳ ಗರಿಷ್ಠ ಬೆಲೆಯನ್ನು ಕೇಂದ್ರ ಸರ್ಕಾರದ ಪ್ರಾಧಿಕಾರವೊಂದು ನಿಗದಿಪಡಿಸುತ್ತದೆ. ಸರ್ಕಾರಿ ಯೋಜನೆಗಳ ಚಿಕಿತ್ಸಾ ದರಗಳನ್ನು ಆಯಾ ಯೋಜನೆಯ ಆಡಳಿತ ಸಂಸ್ಥೆಗಳು ಗೊತ್ತುಪಡಿಸುತ್ತವೆ. ಖಾಸಗಿ ವಿಮೆಯ ದರಗಳು ವಿಮಾ ಸಂಸ್ಥೆ ಮತ್ತು ಆಸ್ಪತ್ರೆಗಳ ನಡುವಿನ ಒಪ್ಪಂದದಿಂದ ನಿರ್ಧಾರವಾಗುತ್ತವೆ. ಯಾವ ಯೋಜನೆಗೂ ಸೇರದೆ ಕೈಯಿಂದ ಹಣ ಕೊಡುವ ರೋಗಿಗೆ ಆಸ್ಪತ್ರೆಯ ಸ್ವಂತ ದರಪಟ್ಟಿಯೇ ಅನ್ವಯವಾಗುತ್ತದೆ.

ಈ ಕಾರಣದಿಂದ ಒಂದೇ ಆಸ್ಪತ್ರೆಯಲ್ಲಿ ಒಂದೇ ಶಸ್ತ್ರಚಿಕಿತ್ಸೆಗೆ ನಾಲ್ಕಾರು ಬಗೆಯ ದರಗಳು ಏಕಕಾಲದಲ್ಲಿ ಚಾಲ್ತಿಯಲ್ಲಿರುತ್ತವೆ. ರೋಗಿಯ ಪರವಾಗಿ ಯಾರು ಚೌಕಾಸಿ ಮಾಡಿದ್ದಾರೆ ಎಂಬುದರ ಮೇಲೆ ಬಿಲ್ಲಿನ ಮೊತ್ತ ಬದಲಾಗುತ್ತದೆ. ನಿಗದಿತ ದರಕ್ಕೂ ಆಸ್ಪತ್ರೆ ಕೇಳುವ ದರಕ್ಕೂ ಇರುವ ವ್ಯತ್ಯಾಸವನ್ನು ಯಾರು ಭರಿಸಬೇಕು ಎಂಬುದು ಈ ಕ್ಷೇತ್ರದ ಬಹುತೇಕ ವಿವಾದಗಳ ಮೂಲವಾಗಿದೆ.

ಹಿನ್ನೆಲೆ

ಸಾಮಾನ್ಯ ಸರಕಿನ ವ್ಯಾಪಾರದಲ್ಲಿ ಕೊಳ್ಳುವವನು ಬೆಲೆ ವಿಚಾರಿಸಿ, ಬೇರೆ ಅಂಗಡಿಯೊಂದಿಗೆ ಹೋಲಿಸಿ, ಬೇಡವೆನಿಸಿದರೆ ಹಿಂದಿರುಗಬಹುದು. ಚಿಕಿತ್ಸೆಯಲ್ಲಿ ಈ ಮೂರೂ ಕಷ್ಟ. ಎದೆನೋವಿನಿಂದ ಆಸ್ಪತ್ರೆಗೆ ಬಂದವನಿಗೆ ದರ ಹೋಲಿಸಲು ಸಮಯವಿರುವುದಿಲ್ಲ. ತನಗೆ ಏನು ಬೇಕು ಎಂಬುದನ್ನೂ ಅವನು ವೈದ್ಯರಿಂದಲೇ ತಿಳಿಯಬೇಕು, ಅಂದರೆ ಮಾರುವವರ ಸಲಹೆಯ ಮೇಲೆಯೇ ಕೊಳ್ಳಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕಾಯಿಲೆಯ ಅನಿಶ್ಚಿತತೆ ಮತ್ತು ಮಾಹಿತಿಯ ಅಸಮಾನತೆಗಳಿಂದಾಗಿ ವೈದ್ಯಕೀಯ ಸೇವೆಯು ಸಾಮಾನ್ಯ ಮಾರುಕಟ್ಟೆಯಂತೆ ವರ್ತಿಸುವುದಿಲ್ಲ ಎಂದು ವಿವರಿಸಿದರು. ಆರೋಗ್ಯ ಅರ್ಥಶಾಸ್ತ್ರವೆಂಬ ಅಧ್ಯಯನ ಶಾಖೆಗೆ ಈ ಪ್ರಬಂಧವನ್ನು ಅಡಿಪಾಯವೆಂದು ಪರಿಗಣಿಸಲಾಗುತ್ತದೆ.

ಒಬ್ಬ ರೋಗಿಯಿಂದ ಆಗದ ಚೌಕಾಸಿಯನ್ನು ಲಕ್ಷಾಂತರ ಜನರ ಪರವಾಗಿ ಒಂದು ಸಂಸ್ಥೆ ಮಾಡಬಲ್ಲದು. ಹೆಚ್ಚು ರೋಗಿಗಳನ್ನು ಕಳುಹಿಸುವ ಭರವಸೆ ನೀಡಿ ಪ್ರತಿಯಾಗಿ ಕಡಿಮೆ ದರ ಕೇಳುವುದು ಈ ಸಂಧಾನದ ಮೂಲತತ್ತ್ವ. ಇಂತಹ ಸಂಸ್ಥೆಯನ್ನು ‘ಸಂಘಟಿತ ಖರೀದಿದಾರ’ ಎನ್ನಬಹುದು. ಭಾರತದಲ್ಲಿ ಇಂತಹ ಖರೀದಿದಾರರ ವ್ಯಾಪ್ತಿಯ ಹೊರಗಿರುವ ಖರ್ಚು ಇಂದಿಗೂ ದೊಡ್ಡದು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಅಂದಾಜಿನಂತೆ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ಕೈಯಿಂದ ಭರಿಸಿದ ಪಾಲು 2013-14ರಲ್ಲಿ ಶೇ. 64.2 ಇದ್ದು, 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ.

ಪಾವತಿಯ ವಿಧಾನಗಳು

ಆಸ್ಪತ್ರೆಗಳಿಗೆ ಹಣ ಸಲ್ಲಿಸುವ ಮುಖ್ಯ ವಿಧಾನಗಳು ಹೀಗಿವೆ:

ಸೇವಾವಾರು ಪಾವತಿ: ಕೊಠಡಿ, ಪರೀಕ್ಷೆ, ಔಷಧ, ವೈದ್ಯರ ಭೇಟಿ ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಶುಲ್ಕ. ಸೇವೆ ಹೆಚ್ಚಿದಷ್ಟೂ ಆಸ್ಪತ್ರೆಯ ಆದಾಯ ಹೆಚ್ಚುವುದರಿಂದ ಅನಗತ್ಯ ಪರೀಕ್ಷೆಗಳಿಗೆ ಇದು ಎಡೆಮಾಡಿಕೊಡುತ್ತದೆ ಎಂಬ ಟೀಕೆಯಿದೆ.

ಪ್ಯಾಕೇಜ್ ದರ: ಒಂದು ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ಎಲ್ಲ ಸೇವೆಗಳಿಗೂ ಸೇರಿ ಒಂದೇ ಮೊತ್ತ. ಇದರಲ್ಲಿ ಖರ್ಚು ಹೆಚ್ಚಾದರೆ ನಷ್ಟ ಆಸ್ಪತ್ರೆಯದು. ಹೀಗಾಗಿ ಮಿತವ್ಯಯಕ್ಕೆ ಉತ್ತೇಜನ ದೊರೆಯುತ್ತದೆ. ಆದರೆ ದರ ತೀರಾ ಕಡಿಮೆಯಾದರೆ ಗುಣಮಟ್ಟ ಕುಗ್ಗುವ ಅಥವಾ ಜಟಿಲ ಸ್ಥಿತಿಯ ರೋಗಿಗಳನ್ನು ಬೇರೆಡೆಗೆ ಕಳುಹಿಸುವ ಅಪಾಯವಿದೆ.

ನಗದುರಹಿತ ಚಿಕಿತ್ಸೆ: ಒಪ್ಪಂದ ಮಾಡಿಕೊಂಡ ಆಸ್ಪತ್ರೆಗೆ ವಿಮಾ ಸಂಸ್ಥೆ ಅಥವಾ ಸರ್ಕಾರವೇ ನೇರವಾಗಿ ಹಣ ಪಾವತಿಸುತ್ತದೆ.

ಮರುಪಾವತಿ: ರೋಗಿ ಮೊದಲು ತನ್ನ ಹಣದಿಂದ ಬಿಲ್ ಕಟ್ಟಿ, ನಂತರ ದಾಖಲೆಗಳನ್ನು ಸಲ್ಲಿಸಿ ಹಣ ಹಿಂಪಡೆಯುತ್ತಾನೆ. ಮೊದಲೇ ಹಣ ಹೊಂದಿಸಬೇಕಾಗುವುದರಿಂದ ಬಡ ಕುಟುಂಬಗಳಿಗೆ ಈ ವಿಧಾನ ನಿಲುಕುವುದಿಲ್ಲ.

ಸಹಪಾವತಿ: ಒಪ್ಪಿತ ಮೊತ್ತದ ನಿರ್ದಿಷ್ಟ ಪಾಲನ್ನು ರೋಗಿಯೇ ಕೊಡುವ ಪದ್ಧತಿ.

ಇತಿಹಾಸ

ಸ್ವತಂತ್ರ ಭಾರತದಲ್ಲಿ ಮೊದಲು ವೈದ್ಯಕೀಯ ರಕ್ಷಣೆ ದೊರೆತದ್ದು ಸಂಘಟಿತ ವಲಯದ ಕಾರ್ಮಿಕರಿಗೆ ಮತ್ತು ಸರ್ಕಾರಿ ನೌಕರರಿಗೆ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯ ಅಡಿಯಲ್ಲಿ ಇಎಸ್ಐ ಯೋಜನೆಯು ಫೆಬ್ರುವರಿ 24, 1952ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಯಿತು. ಕೇಂದ್ರ ಸರ್ಕಾರಿ ನೌಕರರಿಗಾಗಿ ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆ (ಸಿಜಿಎಚ್ಎಸ್) 1954ರಲ್ಲಿ ದೆಹಲಿಯಲ್ಲಿ ಜಾರಿಗೆ ಬಂದಿತು. ರಾಜ್ಯ ಸರ್ಕಾರಿ ನೌಕರರಿಗೆ ವೆಚ್ಚ ಮರುಪಾವತಿ ಮಾಡಲು ಕರ್ನಾಟಕದಲ್ಲಿ 1963ರ ವೈದ್ಯಕೀಯ ಹಾಜರಾತಿ ನಿಯಮಗಳು ರೂಪುಗೊಂಡವು.

ಸಾರ್ವಜನಿಕರು ಕೊಳ್ಳಬಹುದಾದ ಆರೋಗ್ಯ ವಿಮೆಯು 1986ರಲ್ಲಿ ಸರ್ಕಾರಿ ಸಾಮಾನ್ಯ ವಿಮಾ ಸಂಸ್ಥೆಗಳ ‘ಮೆಡಿಕ್ಲೇಮ್’ ಪಾಲಿಸಿಯ ಮೂಲಕ ಬಂದಿತು. ಆರಂಭದಲ್ಲಿ ಇದು ಮರುಪಾವತಿಯ ಮಾದರಿಯದ್ದಾಗಿತ್ತು. 1999ರಲ್ಲಿ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಅಂಗೀಕಾರವಾದ ನಂತರ ಖಾಸಗಿ ವಿಮಾ ಸಂಸ್ಥೆಗಳು ಪ್ರವೇಶಿಸಿದವು. ವಿಮಾ ಸಂಸ್ಥೆಯ ಪರವಾಗಿ ಕ್ಲೇಮುಗಳನ್ನು ಪರಿಶೀಲಿಸುವ ತೃತೀಯ ಪಕ್ಷ ನಿರ್ವಾಹಕ (ಟಿಪಿಎ) ಸಂಸ್ಥೆಗಳು ಹುಟ್ಟಿಕೊಂಡು ನಗದುರಹಿತ ಚಿಕಿತ್ಸೆ ವ್ಯಾಪಕವಾಯಿತು.

ವಿಮೆಯಿರುವ ರೋಗಿಗಳಿಗೆ ಆಸ್ಪತ್ರೆಗಳು ಹೆಚ್ಚು ಬಿಲ್ ಮಾಡುತ್ತಿವೆ ಎಂದು ಆಕ್ಷೇಪಿಸಿದ ನಾಲ್ಕು ಸರ್ಕಾರಿ ಸಾಮಾನ್ಯ ವಿಮಾ ಸಂಸ್ಥೆಗಳು 2010ರ ಜುಲೈನಲ್ಲಿ ದೆಹಲಿ, ಮುಂಬಯಿ, ಚೆನ್ನೈ ಮತ್ತು ಬೆಂಗಳೂರುಗಳ ಹಲವು ಆಸ್ಪತ್ರೆಗಳಲ್ಲಿ ನಗದುರಹಿತ ಸೌಲಭ್ಯವನ್ನು ನಿಲ್ಲಿಸಿದವು. ಸಾಮಾನ್ಯ ಚಿಕಿತ್ಸೆಗಳಿಗೆ ಪ್ಯಾಕೇಜ್ ದರ ಒಪ್ಪಿಕೊಂಡ ಆಸ್ಪತ್ರೆಗಳನ್ನು ಮಾತ್ರ ‘ಆದ್ಯತಾ ಜಾಲ’ಕ್ಕೆ ಸೇರಿಸಲಾಯಿತು. ಆ ಅವಧಿಯಲ್ಲಿ ಪಾಲಿಸಿ ಹೊಂದಿದ್ದವರು ಬಿಲ್ಲನ್ನು ತಾವೇ ಕಟ್ಟಿ ಮರುಪಾವತಿಗೆ ಅರ್ಜಿ ಸಲ್ಲಿಸಬೇಕಾಯಿತು. ಸಂಧಾನ ಮುರಿದುಬಿದ್ದಾಗ ಅದರ ಭಾರ ಮೊದಲು ರೋಗಿಯ ಮೇಲೆ ಬೀಳುತ್ತದೆ ಎಂಬುದಕ್ಕೆ ಈ ಘಟನೆ ಉದಾಹರಣೆಯಾಗಿದೆ.

ಬಡ ಕುಟುಂಬಗಳಿಗಾಗಿ ಕೇಂದ್ರ ಸರ್ಕಾರವು 2008ರಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯನ್ನು ಆರಂಭಿಸಿತು. ಐದು ಜನರ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿವರೆಗಿನ ಒಳರೋಗಿ ಚಿಕಿತ್ಸೆ ಇದರಲ್ಲಿ ದೊರೆಯುತ್ತಿತ್ತು. ಸೆಪ್ಟೆಂಬರ್ 23, 2018ರಂದು ರಾಂಚಿಯಲ್ಲಿ ಉದ್ಘಾಟನೆಯಾದ ಆಯುಷ್ಮಾನ್ ಭಾರತ್ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆ ಇದರ ಸ್ಥಾನವನ್ನು ಪಡೆಯಿತು.

ಸರ್ಕಾರಿ ಯೋಜನೆಗಳಲ್ಲಿ ದರ ನಿಗದಿ

ಸಿಜಿಎಚ್ಎಸ್ ದರಗಳು ದೇಶದಲ್ಲಿ ಒಂದು ಅಳತೆಗೋಲಿನಂತೆ ಬಳಕೆಯಾಗುತ್ತವೆ. ಇತರ ಹಲವು ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ತಮ್ಮ ನೌಕರರ ಮರುಪಾವತಿಗೆ ಇವನ್ನೇ ಆಧಾರವಾಗಿಟ್ಟುಕೊಂಡಿವೆ. ಗುಣಮಟ್ಟದ ಮಾನ್ಯತೆ (ಎನ್ಎಬಿಎಚ್) ಇರುವ ಆಸ್ಪತ್ರೆಗಳಿಗೂ ಇಲ್ಲದವುಗಳಿಗೂ ಬೇರೆ ಬೇರೆ ದರಗಳಿರುತ್ತವೆ. ಬಹುಪಾಲು ಚಿಕಿತ್ಸೆಗಳ ದರಗಳು 2014ರಿಂದ ದೀರ್ಘಕಾಲ ಬದಲಾಗದೆ ಉಳಿದಿದ್ದರಿಂದ ಆಸ್ಪತ್ರೆಗಳು ಆಕ್ಷೇಪ ವ್ಯಕ್ತಪಡಿಸುತ್ತಿದ್ದವು. 2023ರಲ್ಲಿ ಸಮಾಲೋಚನೆ, ಕೊಠಡಿ ಮತ್ತು ತೀವ್ರ ನಿಗಾ ಘಟಕದ ದರಗಳನ್ನು, 2025ರ ಅಕ್ಟೋಬರ್‌ನಲ್ಲಿ ವ್ಯಾಪಕವಾಗಿ ಇತರ ದರಗಳನ್ನು ಪರಿಷ್ಕರಿಸಲಾಯಿತು.

ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯಲ್ಲಿ ಅರ್ಹ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಒಳರೋಗಿ ಚಿಕಿತ್ಸೆ ಲಭ್ಯವಿದೆ. 2024ರ ಅಕ್ಟೋಬರ್‌ನಲ್ಲಿ ಇದನ್ನು ಆದಾಯದ ಮಿತಿಯಿಲ್ಲದೆ 70 ವರ್ಷ ತುಂಬಿದ ಎಲ್ಲ ಹಿರಿಯ ನಾಗರಿಕರಿಗೂ ವಿಸ್ತರಿಸಲಾಯಿತು. ಯೋಜನೆಯ 2022ರ ಪ್ಯಾಕೇಜ್ ಪಟ್ಟಿಯಲ್ಲಿ 1,949 ಚಿಕಿತ್ಸಾ ವಿಧಾನಗಳಿವೆ. ದಾಖಲಾತಿಗೆ ಮುಂಚಿನ 3 ದಿನಗಳ ಮತ್ತು ಬಿಡುಗಡೆಯ ನಂತರದ 15 ದಿನಗಳ ಖರ್ಚೂ ಇದರಲ್ಲಿ ಸೇರಿದೆ. ಪ್ಯಾಕೇಜಿನ ಮೇಲೆ ರೋಗಿಯಿಂದ ಹೆಚ್ಚುವರಿ ಹಣ ಪಡೆಯುವಂತಿಲ್ಲ. ಬಹುತೇಕ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯಗಳು 60:40ರ ಪ್ರಮಾಣದಲ್ಲಿ ವೆಚ್ಚ ಹಂಚಿಕೊಳ್ಳುತ್ತವೆ. ರಾಜ್ಯವೇ ಟ್ರಸ್ಟ್ ಮೂಲಕ ಆಸ್ಪತ್ರೆಗಳಿಗೆ ಪಾವತಿಸುವುದು, ವಿಮಾ ಸಂಸ್ಥೆಗೆ ಪ್ರೀಮಿಯಂ ಕಟ್ಟಿ ಹೊಣೆ ವಹಿಸುವುದು ಅಥವಾ ಎರಡನ್ನೂ ಬೆರೆಸುವುದು ಎಂಬ ಮೂರು ಆಯ್ಕೆಗಳು ರಾಜ್ಯಗಳಿಗಿವೆ.

ಕರ್ನಾಟಕದಲ್ಲಿ

ಯಶಸ್ವಿನಿ

ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆಯು ಸಂಘಟಿತ ಖರೀದಿಯ ಪ್ರಮುಖ ಪ್ರಯೋಗಗಳಲ್ಲಿ ಒಂದು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಸಲಹೆ ಮತ್ತು ರಾಜ್ಯದ ಸಹಕಾರ ಇಲಾಖೆಯ ಬೆಂಬಲದಿಂದ ಇದು ರೂಪುಗೊಂಡಿತು. ಆರಂಭದಲ್ಲಿ ಸದಸ್ಯರು ತಿಂಗಳಿಗೆ ಸುಮಾರು 5 ರೂಪಾಯಿಯಂತೆ ವಂತಿಗೆ ನೀಡುತ್ತಿದ್ದರು. ಖಾಸಗಿ ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ಕೊಠಡಿಗಳು ಪೂರ್ಣವಾಗಿ ಬಳಕೆಯಾಗುತ್ತಿರಲಿಲ್ಲ. ಖಾಲಿ ಉಳಿಯುವ ಸಾಮರ್ಥ್ಯಕ್ಕೆ ಕಡಿಮೆ ದರದಲ್ಲಾದರೂ ರೋಗಿಗಳು ಬಂದರೆ ಆಸ್ಪತ್ರೆಗೂ ಲಾಭ, ರೈತರಿಗೂ ಅನುಕೂಲ ಎಂಬುದು ಯೋಜನೆಯ ಲೆಕ್ಕಾಚಾರವಾಗಿತ್ತು. ಜಾಲದ ಆಸ್ಪತ್ರೆಗಳು ಪೂರ್ವನಿಗದಿತ ಪ್ಯಾಕೇಜ್ ದರದಲ್ಲಿ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದವು. 2018ರಲ್ಲಿ ಇದನ್ನು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನಗೊಳಿಸಲಾಯಿತು. ರೈತರ ಬೇಡಿಕೆಯ ಮೇರೆಗೆ 2022-23ರಲ್ಲಿ ಮತ್ತೆ ಪ್ರತ್ಯೇಕವಾಗಿ ಜಾರಿಗೊಳಿಸಲಾಯಿತು.

ವಾಜಪೇಯಿ ಆರೋಗ್ಯಶ್ರೀ

ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್ ಮುಂತಾದ ದುಬಾರಿ ಕಾಯಿಲೆಗಳ ಉಚಿತ ಚಿಕಿತ್ಸೆ ನೀಡುವ ಈ ಯೋಜನೆ 2010ರಲ್ಲಿ ಗುಲ್ಬರ್ಗಾ (ಈಗಿನ ಕಲಬುರಗಿ) ವಿಭಾಗದಲ್ಲಿ ಆರಂಭವಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಿರ್ವಹಿಸಿತು. ಯೋಜನೆ ಮೊದಲು ರಾಜ್ಯದ ಉತ್ತರ ಭಾಗದಲ್ಲಿ ಮಾತ್ರ ಜಾರಿಯಾದದ್ದರಿಂದ, ಗಡಿಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಲು ಸಂಶೋಧಕರಿಗೆ ಅವಕಾಶ ದೊರೆಯಿತು. ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವಿನ ಪ್ರಮಾಣವು ಸೌಲಭ್ಯವಿದ್ದ ಬಡ ಕುಟುಂಬಗಳಲ್ಲಿ ಶೇ. 0.32, ಸೌಲಭ್ಯವಿಲ್ಲದ ಬಡ ಕುಟುಂಬಗಳಲ್ಲಿ ಶೇ. 0.90 ಇತ್ತು. ಆಸ್ಪತ್ರೆಗೆ ದಾಖಲಾದಾಗ ಕೈಯಿಂದ ಭರಿಸುವ ವೆಚ್ಚವೂ ಕಡಿಮೆಯಾಗಿತ್ತು. ಚಿಕಿತ್ಸೆಯ ಹಣವನ್ನು ಯಾರು ಕೊಡುತ್ತಾರೆ ಎಂಬುದು ಕೇವಲ ಲೆಕ್ಕಪತ್ರದ ವಿಷಯವಲ್ಲ, ಸಾವು ಬದುಕಿನ ವಿಷಯವೂ ಹೌದು ಎಂಬುದಕ್ಕೆ ಈ ಅಧ್ಯಯನವನ್ನು ಆಧಾರವಾಗಿ ಉಲ್ಲೇಖಿಸಲಾಗುತ್ತದೆ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ

2018ರ ಮಾರ್ಚ್‌ನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಯೋಜನೆಯೊಂದಿಗೆ ಸಂಯೋಜಿಸಲಾಯಿತು. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಂಪೂರ್ಣ ರಕ್ಷಣೆಯಿದೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಮಾತ್ರ, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ ಸರ್ಕಾರ ಭರಿಸುತ್ತದೆ. ಉಳಿದ ಶೇ. 70 ರೋಗಿಯ ಹೊಣೆ. ಸಾಮಾನ್ಯವಾಗಿ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದರೆ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ತೆರಳಬೇಕು. ನಿಗದಿತ ತುರ್ತು ಚಿಕಿತ್ಸೆಗಳಿಗೆ ಶಿಫಾರಸಿನ ಅಗತ್ಯವಿಲ್ಲ.

2017ರ ಕಾಯ್ದೆ ತಿದ್ದುಪಡಿ

ಖಾಸಗಿ ಆಸ್ಪತ್ರೆಗಳ ದರಗಳನ್ನು ಸರ್ಕಾರ ನಿಯಂತ್ರಿಸಬಹುದೇ ಎಂಬ ಪ್ರಶ್ನೆ ಕರ್ನಾಟಕದಲ್ಲಿ ತೀವ್ರ ಚರ್ಚೆಗೆ ಬಂದದ್ದು 2017ರಲ್ಲಿ. ಆಗಿನ ಆರೋಗ್ಯ ಸಚಿವ ಕೆ. ಆರ್. ರಮೇಶ್ ಕುಮಾರ್ ಅವರು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ಮಂಡಿಸಿದರು. ಚಿಕಿತ್ಸಾ ದರಗಳನ್ನು ಸರ್ಕಾರವೇ ನಿಗದಿಪಡಿಸುವುದು ಮತ್ತು ಉಲ್ಲಂಘನೆಗೆ ಜೈಲು ಶಿಕ್ಷೆ ವಿಧಿಸುವುದು ಮೂಲ ಪ್ರಸ್ತಾವದಲ್ಲಿದ್ದವು. ಇದನ್ನು ವಿರೋಧಿಸಿ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಸೇವೆ ಸ್ಥಗಿತಗೊಳಿಸಿ ಬೆಳಗಾವಿ ಅಧಿವೇಶನದ ವೇಳೆ ಪ್ರತಿಭಟನೆ ನಡೆಸಿದರು. ದರ ನಿಯಂತ್ರಣದಿಂದ ಸಣ್ಣ ನರ್ಸಿಂಗ್ ಹೋಮ್‌ಗಳು ಮುಚ್ಚಬೇಕಾಗುತ್ತದೆ ಎಂಬುದು ಅವರ ವಾದವಾಗಿತ್ತು. ಅನಿಯಂತ್ರಿತ ಬಿಲ್ಲುಗಳಿಂದ ಕುಟುಂಬಗಳು ಸಾಲಕ್ಕೆ ಬೀಳುತ್ತಿವೆ ಎಂದು ಕಾಯ್ದೆಯ ಬೆಂಬಲಿಗರು ಹೇಳಿದರು.

ಅಂತಿಮವಾಗಿ ಅಂಗೀಕಾರವಾದ ತಿದ್ದುಪಡಿಯಲ್ಲಿ ಸರ್ಕಾರದ ದರ ನಿಗದಿ ಅಧಿಕಾರವನ್ನು ಸರ್ಕಾರಿ ಆರೋಗ್ಯ ಯೋಜನೆಗಳ ಅಡಿಯ ಚಿಕಿತ್ಸೆಗಳಿಗೆ ಸೀಮಿತಗೊಳಿಸಲಾಯಿತು. ದರಪಟ್ಟಿ ಪ್ರದರ್ಶನ, ರೋಗಿಗಳ ಹಕ್ಕುಗಳ ಸನ್ನದು, ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆಹಿಡಿಯದಿರುವುದು ಹಾಗೂ ಜಿಲ್ಲಾಧಿಕಾರಿ ನೇತೃತ್ವದ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ಇವು ಕಾಯ್ದೆಯಲ್ಲಿ ಸೇರಿದವು.

ಕೋವಿಡ್ ಅವಧಿಯ ದರಗಳು

ಕೋವಿಡ್-19 ಸಾಂಕ್ರಾಮಿಕದ ಸಮಯದಲ್ಲಿ, 2020ರ ಜೂನ್‌ನಲ್ಲಿ, ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ದಿನವಾರು ಗರಿಷ್ಠ ದರ ನಿಗದಿಪಡಿಸಿತು. ಸರ್ಕಾರ ಕಳುಹಿಸಿದ ರೋಗಿಗೆ ಸಾಮಾನ್ಯ ವಾರ್ಡಿನಲ್ಲಿ 5,200 ರೂಪಾಯಿ, ವೆಂಟಿಲೇಟರ್ ಸಹಿತ ತೀವ್ರ ನಿಗಾ ಘಟಕದಲ್ಲಿ 10,000 ರೂಪಾಯಿ. ತಾವೇ ಹಣ ಕೊಡುವ ರೋಗಿಗಳಿಗೆ ಇದೇ ಸೇವೆಗಳಿಗೆ ಕ್ರಮವಾಗಿ 10,000 ಮತ್ತು 25,000 ರೂಪಾಯಿ. ಒಂದೇ ಹಾಸಿಗೆಗೆ ಸಂಘಟಿತ ಖರೀದಿದಾರನ ದರವೂ ಒಂಟಿ ರೋಗಿಯ ದರವೂ ಒಂದೇ ಆದೇಶದಲ್ಲಿ ಅಕ್ಕಪಕ್ಕ ಕಾಣಿಸಿಕೊಂಡ ಅಪರೂಪದ ಸಂದರ್ಭ ಇದಾಗಿತ್ತು.

ಔಷಧ ಮತ್ತು ಸಾಧನಗಳ ಬೆಲೆ ನಿಯಂತ್ರಣ

ಆಗಸ್ಟ್ 29, 1997ರಂದು ಸ್ಥಾಪನೆಯಾದ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು (ಎನ್‌ಪಿಪಿಎ) ಅಗತ್ಯ ವಸ್ತುಗಳ ಕಾಯ್ದೆ, 1955ರ ಅಡಿಯ 2013ರ ಔಷಧ ಬೆಲೆ ನಿಯಂತ್ರಣ ಆದೇಶವನ್ನು ಜಾರಿಗೊಳಿಸುತ್ತದೆ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಔಷಧಗಳಿಗೆ ಗರಿಷ್ಠ ಬೆಲೆ ಗೊತ್ತುಪಡಿಸಲಾಗುತ್ತದೆ. 2022ರ ಪಟ್ಟಿಯಲ್ಲಿ 384 ಔಷಧಗಳಿವೆ.

ಲೆಕ್ಕದ ವಿಧಾನ ಹೀಗಿದೆ: ಮಾರುಕಟ್ಟೆಯಲ್ಲಿ ಕನಿಷ್ಠ ಶೇ. 1ರಷ್ಟು ಪಾಲು ಹೊಂದಿರುವ ಬ್ರ್ಯಾಂಡ್‌ಗಳನ್ನು ಚಿಲ್ಲರೆ ವ್ಯಾಪಾರಿಗೆ ಯಾವ ಬೆಲೆಗೆ ಮಾರಲಾಗುತ್ತದೆಯೋ ಅವುಗಳ ಸರಳ ಸರಾಸರಿಗೆ ಶೇ. 16ರಷ್ಟು ಚಿಲ್ಲರೆ ಲಾಭಾಂಶ ಸೇರಿಸಲಾಗುತ್ತದೆ. ಉದಾಹರಣೆಗೆ, ಮೂರು ಬ್ರ್ಯಾಂಡ್‌ಗಳ ಬೆಲೆ ಮಾತ್ರೆಯೊಂದಕ್ಕೆ 8, 10 ಮತ್ತು 12 ರೂಪಾಯಿ ಇದ್ದರೆ ಸರಾಸರಿ 10 ರೂಪಾಯಿ, ಗರಿಷ್ಠ ಬೆಲೆ 11.60 ರೂಪಾಯಿ. ತೆರಿಗೆ ಪ್ರತ್ಯೇಕ. ಪ್ರತಿವರ್ಷ ಸಗಟು ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ಈ ಬೆಲೆ ಪರಿಷ್ಕರಣೆಯಾಗುತ್ತದೆ. ಪಟ್ಟಿಯ ಹೊರಗಿನ ಔಷಧಗಳ ಬೆಲೆಯನ್ನು 12 ತಿಂಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಉತ್ಪಾದನಾ ವೆಚ್ಚದ ಬದಲು ಮಾರುಕಟ್ಟೆ ಬೆಲೆಯನ್ನೇ ಆಧಾರವಾಗಿಸಿಕೊಂಡಿರುವುದರಿಂದ, ಮೊದಲೇ ದುಬಾರಿಯಾಗಿರುವ ಔಷಧಗಳ ಬೆಲೆ ಹೆಚ್ಚಾಗಿಯೇ ಉಳಿಯುತ್ತದೆ ಎಂಬುದು ಈ ವಿಧಾನದ ಮೇಲಿನ ಪ್ರಮುಖ ಟೀಕೆ.

ಹೃದಯದ ರಕ್ತನಾಳಗಳಿಗೆ ಅಳವಡಿಸುವ ಸ್ಟೆಂಟ್‌ಗಳ ಪ್ರಕರಣ ಹೆಚ್ಚು ಚರ್ಚಿತವಾದದ್ದು. 2016ರಲ್ಲಿ ಸ್ಟೆಂಟ್‌ಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಲಾಯಿತು. ಪ್ರಾಧಿಕಾರವು ಮಾರಾಟ ಸರಣಿಯನ್ನು ಪರಿಶೀಲಿಸಿದಾಗ ಅತಿ ಹೆಚ್ಚಿನ ಲಾಭಾಂಶ ಆಸ್ಪತ್ರೆಯ ಹಂತದಲ್ಲಿಯೇ ಇರುವುದು ಕಂಡುಬಂದಿತು. ಫೆಬ್ರುವರಿ 13, 2017ರ ಆದೇಶದಲ್ಲಿ ಲೋಹದ ಸಾದಾ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಗರಿಷ್ಠ ಬೆಲೆ ನಿಗದಿಯಾಯಿತು. ಅದಕ್ಕೂ ಮುಂಚೆ ಔಷಧ ಲೇಪಿತ ಸ್ಟೆಂಟ್‌ಗಳ ಸರಾಸರಿ ಗರಿಷ್ಠ ಮಾರಾಟ ಬೆಲೆ ಒಂದು ಲಕ್ಷ ರೂಪಾಯಿ ದಾಟಿತ್ತು. ಆದೇಶದ ನಂತರ ಕೆಲವು ತಯಾರಕರು ತಮ್ಮ ಹೊಸ ಮಾದರಿಗಳನ್ನು ಭಾರತದಿಂದ ಹಿಂತೆಗೆದುಕೊಳ್ಳಲು ಅನುಮತಿ ಕೋರಿದರು. ಬೆಲೆ ಇಳಿಕೆಯ ಲಾಭ ರೋಗಿಗೆ ಪೂರ್ಣವಾಗಿ ತಲುಪದಂತೆ ಆಸ್ಪತ್ರೆಗಳು ಇತರ ಶುಲ್ಕಗಳನ್ನು ಏರಿಸಬಹುದು ಎಂಬ ಆತಂಕವೂ ವ್ಯಕ್ತವಾಯಿತು. 2017ರ ಆಗಸ್ಟ್‌ನಲ್ಲಿ ಕೃತಕ ಮಂಡಿಚಿಪ್ಪಿನ ಸಾಧನಗಳಿಗೂ ಗರಿಷ್ಠ ಬೆಲೆ ನಿಗದಿಯಾಯಿತು. 2019ರಲ್ಲಿ 42 ಕ್ಯಾನ್ಸರ್ ಔಷಧಗಳ ವ್ಯಾಪಾರ ಲಾಭಾಂಶವನ್ನು ಶೇ. 30ಕ್ಕೆ ಮಿತಿಗೊಳಿಸಲಾಯಿತು.

ಖಾಸಗಿ ವಿಮೆಯಲ್ಲಿ ಮರುಪಾವತಿ

ಖಾಸಗಿ ವಿಮೆಯಲ್ಲಿ ಎರಡು ಒಪ್ಪಂದಗಳಿರುತ್ತವೆ. ಒಂದು ವಿಮಾ ಸಂಸ್ಥೆ ಮತ್ತು ಪಾಲಿಸಿದಾರನ ನಡುವೆ, ಇನ್ನೊಂದು ವಿಮಾ ಸಂಸ್ಥೆ ಮತ್ತು ಆಸ್ಪತ್ರೆಯ ನಡುವೆ. ಎರಡನೆಯ ಒಪ್ಪಂದದಲ್ಲಿ ಏನಿದೆ ಎಂಬುದು ಪಾಲಿಸಿದಾರನಿಗೆ ತಿಳಿದಿರುವುದಿಲ್ಲ.

ಪಾಲಿಸಿದಾರರನ್ನು ಹೆಚ್ಚಾಗಿ ಗೊಂದಲಕ್ಕೀಡುಮಾಡುವ ಅಂಶ ‘ಅನುಪಾತದ ಕಡಿತ’. ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ಮಿತಿಯಿದ್ದು, ರೋಗಿ ಅದಕ್ಕಿಂತ ದುಬಾರಿ ಕೊಠಡಿ ಆರಿಸಿಕೊಂಡರೆ ಬಾಡಿಗೆಯ ಜೊತೆಗೆ ಶಸ್ತ್ರಚಿಕಿತ್ಸಕರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮುಂತಾದ ಸಂಬಂಧಿತ ವೆಚ್ಚಗಳನ್ನೂ ಅದೇ ಅನುಪಾತದಲ್ಲಿ ಕಡಿತಗೊಳಿಸಲಾಗುತ್ತದೆ. ದಿನಕ್ಕೆ 4,000 ರೂಪಾಯಿ ಮಿತಿಯಿರುವ ಪಾಲಿಸಿದಾರನೊಬ್ಬ 8,000 ರೂಪಾಯಿಯ ಕೊಠಡಿಯಲ್ಲಿ 5 ದಿನ ಇದ್ದನೆಂದು ಭಾವಿಸೋಣ.

ಕೊಠಡಿ ಬಾಡಿಗೆ: ಬಿಲ್ 40,000, ವಿಮೆಯಿಂದ 20,000.
ಶಸ್ತ್ರಚಿಕಿತ್ಸಕರು, ಶಸ್ತ್ರಚಿಕಿತ್ಸಾ ಕೊಠಡಿ, ಸಮಾಲೋಚನೆ: ಬಿಲ್ 1,20,000; ವಿಮೆಯಿಂದ 60,000.
ಔಷಧ, ಅಳವಡಿಕೆ ಸಾಧನ, ಪರೀಕ್ಷೆಗಳು: ಬಿಲ್ 1,40,000; ವಿಮೆಯಿಂದ 1,40,000.
ಒಟ್ಟು: ಬಿಲ್ 3,00,000, ವಿಮೆಯಿಂದ 2,20,000.

ಇಲ್ಲಿ ಬಾಡಿಗೆಯ ವ್ಯತ್ಯಾಸ ಕೇವಲ 20,000 ರೂಪಾಯಿ. ಆದರೆ ರೋಗಿ ಕೈಯಿಂದ ಕೊಡಬೇಕಾದದ್ದು 80,000 ರೂಪಾಯಿ. ಔಷಧ, ಬಳಕೆ ಸಾಮಗ್ರಿ, ಅಳವಡಿಕೆ ಸಾಧನ ಮತ್ತು ಪರೀಕ್ಷೆಗಳ ವೆಚ್ಚಕ್ಕೆ ಈ ಕಡಿತ ಅನ್ವಯಿಸಬಾರದೆಂದು ವಿಮಾ ಪ್ರಾಧಿಕಾರ 2020ರಲ್ಲಿ ಸ್ಪಷ್ಟಪಡಿಸಿತು. ತೀವ್ರ ನಿಗಾ ಘಟಕದ ಶುಲ್ಕಕ್ಕೂ ಇದು ಅನ್ವಯಿಸುವುದಿಲ್ಲ. ಕೊಠಡಿಯ ದರ್ಜೆಗೆ ತಕ್ಕಂತೆ ಶುಲ್ಕ ಬದಲಾಗದ ಆಸ್ಪತ್ರೆಗಳಲ್ಲಿ ಅನುಪಾತದ ಕಡಿತವನ್ನೇ ಮಾಡುವಂತಿಲ್ಲ.

2024ರ ಮೇ 29ರಂದು ಹೊರಡಿಸಿದ ಸಮಗ್ರ ಸುತ್ತೋಲೆಯ ಪ್ರಕಾರ, ನಗದುರಹಿತ ಚಿಕಿತ್ಸೆಯ ಕೋರಿಕೆಯನ್ನು ವಿಮಾ ಸಂಸ್ಥೆ ಒಂದು ಗಂಟೆಯೊಳಗೆ ನಿರ್ಧರಿಸಬೇಕು. ಬಿಡುಗಡೆಯ ಸಮಯದ ಅಂತಿಮ ಅನುಮೋದನೆಯನ್ನು ಮೂರು ಗಂಟೆಯೊಳಗೆ ನೀಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ವಿಧಿಸಿದರೆ ಅದನ್ನು ವಿಮಾ ಸಂಸ್ಥೆಯೇ ಭರಿಸಬೇಕು. ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮನ್ನು ತಿರಸ್ಕರಿಸುವಂತಿಲ್ಲ.

ನ್ಯಾಯಾಲಯಗಳ ನಿಲುವು

ಮರುಪಾವತಿಯ ವ್ಯತ್ಯಾಸದ ಪ್ರಶ್ನೆ ಹಲವು ಬಾರಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿದೆ. 1996ರಲ್ಲಿ ಪಂಜಾಬ್‌ನ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ, ಜೀವ ಉಳಿಸಿಕೊಳ್ಳುವ ಹಕ್ಕಿಗೆ ಒತ್ತು ನೀಡಿ, ತುರ್ತು ಹೃದಯ ಶಸ್ತ್ರಚಿಕಿತ್ಸೆಗೆ ಮಾನ್ಯತೆ ಪಡೆದ ಖಾಸಗಿ ಆಸ್ಪತ್ರೆಯ ದರದಲ್ಲಿ ಮರುಪಾವತಿ ನೀಡಲು ನ್ಯಾಯಾಲಯ ಸೂಚಿಸಿತು. ಆದರೆ 1998ರಲ್ಲಿ ಅದೇ ರಾಜ್ಯದ ಇನ್ನೊಂದು ಪ್ರಕರಣದಲ್ಲಿ, ಸರ್ಕಾರದ ಸಂಪನ್ಮೂಲ ಅಪರಿಮಿತವಲ್ಲ, ಹೀಗಾಗಿ ಮರುಪಾವತಿಗೆ ದರಮಿತಿ ವಿಧಿಸುವ ನೀತಿ ಸಂವಿಧಾನಬಾಹಿರವಲ್ಲ ಎಂದು ತೀರ್ಪು ನೀಡಿತು.

ಏಪ್ರಿಲ್ 13, 2018ರ ತೀರ್ಪು ಸಿಜಿಎಚ್ಎಸ್ ಫಲಾನುಭವಿಯಾದ ನಿವೃತ್ತ ನೌಕರರೊಬ್ಬರಿಗೆ ಸಂಬಂಧಿಸಿದ್ದು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆಂಬ ಒಂದೇ ಕಾರಣಕ್ಕೆ ಮರುಪಾವತಿಯನ್ನು ನಿರಾಕರಿಸುವಂತಿಲ್ಲ, ಚಿಕಿತ್ಸೆ ನಿಜವಾಗಿ ನಡೆದಿದೆಯೇ ಮತ್ತು ದಾಖಲೆಗಳು ಅದನ್ನು ದೃಢಪಡಿಸುತ್ತವೆಯೇ ಎಂಬುದೇ ಮುಖ್ಯ ಎಂದು ನ್ಯಾಯಾಲಯ ಹೇಳಿತು. ನಿವೃತ್ತರ ಕ್ಲೇಮುಗಳ ಶೀಘ್ರ ಇತ್ಯರ್ಥಕ್ಕೆ ಸಮಿತಿ ರಚಿಸುವಂತೆಯೂ ಸೂಚಿಸಿತು.

2024ರ ಫೆಬ್ರುವರಿಯಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ವಿಚಾರಣೆಯ ವೇಳೆ, ವೈದ್ಯಕೀಯ ಸಂಸ್ಥೆಗಳ 2012ರ ಕೇಂದ್ರ ನಿಯಮಗಳಂತೆ ಚಿಕಿತ್ಸಾ ದರಗಳ ವ್ಯಾಪ್ತಿಯನ್ನು ಇನ್ನೂ ನಿಗದಿಪಡಿಸದಿರುವುದಕ್ಕೆ ನ್ಯಾಯಾಲಯ ಅಸಮಾಧಾನ ವ್ಯಕ್ತಪಡಿಸಿತು. ರಾಜ್ಯಗಳೊಂದಿಗೆ ಸಮಾಲೋಚಿಸಿ ದರ ಗೊತ್ತುಪಡಿಸಲು ಕೇಂದ್ರಕ್ಕೆ ಸೂಚಿಸಿತು. ತಪ್ಪಿದಲ್ಲಿ ಸಿಜಿಎಚ್ಎಸ್ ದರಗಳನ್ನು ತಾತ್ಕಾಲಿಕವಾಗಿ ಅನ್ವಯಿಸುವ ಕೋರಿಕೆಯನ್ನು ಪರಿಗಣಿಸುವುದಾಗಿ ತಿಳಿಸಿತು.

ಇತರ ದೇಶಗಳೊಂದಿಗೆ ಹೋಲಿಕೆ

ಜಪಾನಿನಲ್ಲಿ ದೇಶಕ್ಕೆಲ್ಲ ಒಂದೇ ಶುಲ್ಕಪಟ್ಟಿಯಿದ್ದು, ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಪರಿಷ್ಕರಣೆಯಾಗುತ್ತದೆ. ಬ್ರಿಟನ್ನಿನಲ್ಲಿ 1999ರಲ್ಲಿ ಸ್ಥಾಪನೆಯಾದ ನೈಸ್ ಸಂಸ್ಥೆ ಹೊಸ ಔಷಧದ ಪ್ರಯೋಜನವು ಅದರ ಬೆಲೆಗೆ ತಕ್ಕುದೇ ಎಂದು ಪರಿಶೀಲಿಸಿ ಶಿಫಾರಸು ಮಾಡುತ್ತದೆ. ಜರ್ಮನಿಯಲ್ಲಿ 2011ರಿಂದ ಹೊಸ ಔಷಧದ ಹೆಚ್ಚುವರಿ ಪ್ರಯೋಜನವನ್ನು ಅಳೆದ ಮೇಲೆ ಆರೋಗ್ಯ ವಿಮಾ ನಿಧಿಗಳ ಒಕ್ಕೂಟ ಬೆಲೆ ಸಂಧಾನ ನಡೆಸುತ್ತದೆ. ಅಮೆರಿಕದಲ್ಲಿ ಹಿರಿಯರ ಮೆಡಿಕೇರ್ ಯೋಜನೆಗೆ ಔಷಧ ಕಂಪನಿಗಳೊಂದಿಗೆ ನೇರವಾಗಿ ಬೆಲೆ ಸಂಧಾನ ನಡೆಸುವ ಅಧಿಕಾರ 2022ರ ಕಾಯ್ದೆಯಿಂದ ದೊರೆಯಿತು. ಮೊದಲ ಹತ್ತು ಔಷಧಗಳ ಸಂಧಾನಿತ ಬೆಲೆಗಳಿಗೆ ಜನವರಿ 1, 2026 ಜಾರಿಯ ದಿನಾಂಕವಾಗಿ ಗೊತ್ತಾಯಿತು. ಈ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಔಷಧದ ಬೆಲೆಗೆ ಮಿತಿಯಿದ್ದರೂ ಚಿಕಿತ್ಸಾ ಶುಲ್ಕಕ್ಕೆ ಎಲ್ಲರಿಗೂ ಅನ್ವಯವಾಗುವ ಪಟ್ಟಿಯಿಲ್ಲ.

ಸಮಸ್ಯೆಗಳು ಮತ್ತು ಟೀಕೆ

ದರ ಕಡಿಮೆಯಾಯಿತೆಂಬ ಆಸ್ಪತ್ರೆಗಳ ದೂರು ಮತ್ತು ಬಿಲ್ ಹೆಚ್ಚಾಯಿತೆಂಬ ರೋಗಿಗಳ ದೂರು ಎರಡೂ ಏಕಕಾಲದಲ್ಲಿ ನಿಜವಾಗಿರಲು ಸಾಧ್ಯ. ಸರ್ಕಾರಿ ಯೋಜನೆಯ ದರ ವಾಸ್ತವ ವೆಚ್ಚಕ್ಕಿಂತ ಕಡಿಮೆಯಿದ್ದರೆ ಆಸ್ಪತ್ರೆಗಳು ಆ ನಷ್ಟವನ್ನು ವಿಮೆಯ ಅಥವಾ ನಗದು ಪಾವತಿಯ ರೋಗಿಗಳಿಂದ ತುಂಬಿಕೊಳ್ಳುತ್ತವೆ. ಇದನ್ನು ‘ವೆಚ್ಚ ವರ್ಗಾವಣೆ’ ಎನ್ನುತ್ತಾರೆ. ಯೋಜನೆಯ ಹಾಸಿಗೆಗಳು ಭರ್ತಿಯಾಗಿವೆ ಎಂದು ಹೇಳಿ ರೋಗಿಯನ್ನು ಹಿಂದೆ ಕಳುಹಿಸುವುದು, ಪ್ಯಾಕೇಜಿನಲ್ಲಿ ಸೇರಿದ ಔಷಧವನ್ನು ಹೊರಗಿನಿಂದ ತರಿಸುವುದು, ಮಾಡದ ಚಿಕಿತ್ಸೆಗೆ ಬಿಲ್ ಸಲ್ಲಿಸುವುದು ಈ ವ್ಯವಸ್ಥೆಯ ಗುರುತಿಸಲಾದ ದೋಷಗಳು. ಸರ್ಕಾರದಿಂದ ಬಾಕಿ ಪಾವತಿ ವಿಳಂಬವಾಗುವುದು ಆಸ್ಪತ್ರೆಗಳು ಯೋಜನೆಯಿಂದ ಹೊರಗುಳಿಯಲು ಮುಖ್ಯ ಕಾರಣಗಳಲ್ಲೊಂದು.

ಇನ್ನೊಂದು ಕೊರತೆ ಹೊರರೋಗಿ ವೆಚ್ಚದ್ದು. ಮಧುಮೇಹ, ರಕ್ತದೊತ್ತಡದಂತಹ ದೀರ್ಘಕಾಲದ ಕಾಯಿಲೆಗಳ ಮಾತ್ರೆ ಮತ್ತು ಪರೀಕ್ಷೆಗಳ ಖರ್ಚು ಬಹುತೇಕ ಯೋಜನೆಗಳ ವ್ಯಾಪ್ತಿಯಲ್ಲಿಲ್ಲ. ಆಸ್ಪತ್ರೆಗೆ ದಾಖಲಾಗದೆ ತಿಂಗಳು ತಿಂಗಳೂ ಮಾಡುವ ಈ ಖರ್ಚನ್ನು ಕುಟುಂಬಗಳು ತಾವೇ ಭರಿಸುತ್ತವೆ.

ದೂರು ಮತ್ತು ಪರಿಹಾರ

ಖಾಸಗಿ ವಿಮೆಯ ಕ್ಲೇಮು ತಿರಸ್ಕೃತವಾದರೆ ಅಥವಾ ಕಡಿತಗೊಂಡರೆ ಪಾಲಿಸಿದಾರರು ಮೊದಲು ವಿಮಾ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ನೀಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ಇಲ್ಲಿ ಇತ್ಯರ್ಥಪಡಿಸಲಾಗುತ್ತದೆ. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಕರ್ನಾಟಕದ ದೂರುಗಳಿಗೆ ಬೆಂಗಳೂರಿನಲ್ಲಿ ಕಚೇರಿಯಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಗ್ರಾಹಕ ಆಯೋಗಕ್ಕೂ ಹೋಗಬಹುದು.

ಆಯುಷ್ಮಾನ್ ಯೋಜನೆಯಲ್ಲಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ರಾಷ್ಟ್ರೀಯ ಸಹಾಯವಾಣಿ 14555ಕ್ಕೆ ಕರೆ ಮಾಡಬಹುದು. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ ದರಪಟ್ಟಿ ಪ್ರದರ್ಶಿಸದಿದ್ದರೆ ಅಥವಾ ಪ್ರದರ್ಶಿತ ದರಕ್ಕಿಂತ ಹೆಚ್ಚು ವಸೂಲು ಮಾಡಿದರೆ ಜಿಲ್ಲಾ ಪ್ರಾಧಿಕಾರಕ್ಕೆ ದೂರು ನೀಡಬಹುದು. ಗರಿಷ್ಠ ಬೆಲೆಗಿಂತ ಹೆಚ್ಚು ದರಕ್ಕೆ ಮಾರಿದ ಔಷಧ ಅಥವಾ ಸ್ಟೆಂಟ್ ಬಗ್ಗೆ ಔಷಧ ಬೆಲೆ ನಿಗದಿ ಪ್ರಾಧಿಕಾರಕ್ಕೆ ದೂರು ಸಲ್ಲಿಸಲು ಅವಕಾಶವಿದೆ. ಈ ಎಲ್ಲ ಸಂದರ್ಭಗಳಲ್ಲೂ ವಿವರವಾದ ಬಿಲ್, ಬಿಡುಗಡೆ ಪತ್ರ, ಪಾವತಿ ರಸೀದಿ ಮತ್ತು ಅಳವಡಿಸಿದ ಸಾಧನದ ಲೇಬಲ್ ಮುಖ್ಯ ದಾಖಲೆಗಳಾಗುತ್ತವೆ. ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ಮುನ್ನ ಇವುಗಳನ್ನು ಕೇಳಿ ಪಡೆದು ಜೋಪಾನವಾಗಿಡುವುದು ಅಗತ್ಯ.